ಮೊಮ್ಮಗಳು ಎರಡನೇ ಸಲ ನರ್ಸ್ ಆದದ್ದು

ನನ್ನ ಮೊಮ್ಮಗಳು ಎರಡು ಸಲ ನರ್ಸ್ ಆದಳು. ಮೊದಲನೆಯದು ಇಲ್ಲೇ, ಕಾಲೇಜಿಗೆ ಹೋಗಿ, ಪಾಸು ಮಾಡಿ, ಜೆ.ಪಿ. ನಗರದ ಒಂದು ಆಸ್ಪತ್ರೆಗೆ ಸೇರಿದ್ದು. ಎರಡನೆಯದು ಇಂಗ್ಲೆಂಡಿನಲ್ಲಿ. ಇಲ್ಲಿಯ ಸರ್ಟಿಫಿಕೇಟು ಅಲ್ಲಿಗೆ ಸಾಲದಂತೆ. ಅಲ್ಲಿಯ ಪರೀಕ್ಷೆ ಪಾಸಾಗಿ ಅಲ್ಲಿಯ ಲೈಸೆನ್ಸು ಕೈಗೆ ಬರುವ ತನಕ ಅವಳು ನರ್ಸೇ ಅಲ್ಲವಂತೆ. ಹಾಗಾದರೆ ನನ್ನ ಮಂಡಿ ಆಪರೇಷನ್ ಆದಾಗ ನನ್ನನ್ನು ಎಬ್ಬಿಸಿ ನಡೆಸಿದವಳು ಯಾರು ಎಂದು ನಾನು ಕೇಳಿದೆ. ನನ್ನ ಮಗಳು, ಅಂದರೆ ಅವಳ ತಾಯಿ, "ಅಮ್ಮಾ, ಅದು ಅವರ ರೂಲ್ಸು, ನಿನ್ನ ಕೇಳಿ ಮಾಡಿಲ್ಲ" ಎಂದಳು.

ಮಂಡಿ ಆಪರೇಷನ್ ಆದದ್ದು ಮೊಮ್ಮಗಳಿದ್ದ ಆ ಜೆ.ಪಿ. ನಗರದ ಆಸ್ಪತ್ರೆಯಲ್ಲೇ. ಅವಳು ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ಪಕ್ಕದ ಮಂಚದಲ್ಲಿ ಬನಶಂಕರಿ ಕಡೆಯ ಮುದುಕಿಯೊಬ್ಬರಿದ್ದರು, ನನಗಿಂತ ಹಿರಿಯರು. ಮಾತ್ರೆ ಕಂಡರೆ ಬಾಯಿ ಬಿಗಿದುಕೊಂಡು ಬಿಡುತ್ತಿದ್ದರು. ಮಗ, ಸೊಸೆ ಎಲ್ಲರೂ ಹೇಳಿ ಸೋತಿದ್ದರು. ನನ್ನ ಮೊಮ್ಮಗಳು ಬಂದು ಅವರ ಗದ್ದ ಹಿಡಿದುಕೊಂಡಳು.

"ಬೇಡಮ್ಮ, ಬೇಡ" ಎಂದರು ಅವರು.

"ಬೇಡ ಅಂದ್ರೆ ಯಾರು ಬಿಡ್ತಾರೆ? ಬಾಯಿ ತೆಗೀರಿ ಅಜ್ಜಿ. ನೀವು ನುಂಗೋವರ್ಗೂ ನಾನು ಊಟಕ್ಕೆ ಹೋಗಲ್ಲ. ನನ್ನ ಉಪವಾಸ ಸಾಯಿಸ್ತೀರಾ?"

"ನಿಂದು ಇನ್ನೂ ಊಟ ಆಗಿಲ್ವಾ?"

"ಎಲ್ಲಿ ಆಗುತ್ತೆ, ನೀವು ಹಿಂಗೆ ಹಠ ಮಾಡಿದ್ರೆ?"

ಮುದುಕಿ ನುಂಗಿದರು. ಇವಳ ಊಟ ಆಗಲೇ ಆಗಿತ್ತು. ನನ್ನ ಎದುರಿಗೇ ಡಬ್ಬಿ ಖಾಲಿ ಮಾಡಿ ತೊಳೆದಿಟ್ಟಿದ್ದಳು. ಮನೆಗೆ ಹೋಗುವ ದಿನ ಆ ಮುದುಕಿಯ ಮಗ, "ಸಿಸ್ಟರ್, ನೀವು ಇಲ್ದಿದ್ರೆ ನಮ್ಮಮ್ಮ ಉಳೀತಿರ್ಲಿಲ್ಲ" ಎಂದು ಕೈಮುಗಿದ.

ಇದನ್ನು ಅವಳಿಗೆ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ, ನಮ್ಮ ಮನೆಯಲ್ಲಿ ಕಲಿತದ್ದು. ನಾವಿರುವ ಈ ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ, ನಮಗೆ ಹೊಲವಿದ್ದಾಗಿನಿಂದ, ನಮ್ಮಲ್ಲಿ ಊಟಕ್ಕೆ ಕೂತವರು ಬೇಡ ಎನ್ನಬೇಕು, ಬಡಿಸುವವರು ಬಿಡಬಾರದು. ನಮ್ಮತ್ತೆ ಹೇಳುತ್ತಿದ್ದರು, ಮೊದಲನೇ ಬೇಡ ನಾಚಿಕೆಯದು, ಎರಡನೇ ಬೇಡ ಗತ್ತಿನದು, ಮೂರನೆಯದು ಮಾತ್ರ ಹೊಟ್ಟೆಯದು ಅಂತ. ತಟ್ಟೆಗೆ ಅಡ್ಡ ಹಿಡಿದ ಕೈಯನ್ನು ಸರಿಸಿ ಇನ್ನರ್ಧ ಮುದ್ದೆ ಇಟ್ಟೇ ಬಿಡುತ್ತಿದ್ದರು. ಒಂದೇ ಸಲಕ್ಕೆ ಸುಮ್ಮನಾದ ಬೀಗಿತ್ತಿಯ ಬಗ್ಗೆ ಸಾಯುವ ತನಕ ಆಡಿಕೊಂಡರು, "ಒಂದು ಮಾತಿಗೇ ಸೌಟು ಎತ್ಕೊಂಡು ಒಳಗೆ ಹೋದ್ಲು" ಅಂತ. ನಾನೂ ಹಾಗೇ ನಡೆದೆ, ಮೊಮ್ಮಗಳನ್ನೂ ಹಾಗೇ ಬೆಳೆಸಿದೆ. ಅದು ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸಿಲ್ಲ.

ಯಾಕೆ ಹೋದಳು ಅಂತ ಜನ ಕೇಳುತ್ತಾರೆ. ಇಲ್ಲಿ ಕೆಲಸ ಜಾಸ್ತಿ, ಸಂಬಳ ಕಡಿಮೆ, ಜೊತೆಯಲ್ಲಿ ಓದಿದವರೆಲ್ಲ ಹೋಗಿದ್ದರು. ಅಷ್ಟೇ. ವಿಮಾನದ ದಿನ ಕಾರಿನಲ್ಲಿ ಸೂಟ್‌ಕೇಸುಗಳಿಗೇ ಜಾಗ ಸಾಲಲಿಲ್ಲ. ಮಗಳು, ಅಳಿಯ ಹೋದರು, ನಾನು ಗೇಟಿನ ಹತ್ತಿರ ನಿಂತೆ. ಅಳಲಿಲ್ಲ. ಮಾರನೆಯ ದಿನ ಬಟ್ಟೆ ಒಗೆದು ಮಾಳಿಗೆಯ ಮೇಲೆ ಹರವುವಾಗ ತಂತಿಯ ಅರ್ಧ ಭಾಗ ಖಾಲಿ ಉಳಿಯಿತು. ದಿನವೂ ಅಲ್ಲಿ ಅವಳ ಯೂನಿಫಾರ್ಮು ಹಾಕುತ್ತಿದ್ದೆ. ಆ ಜಾಗದಲ್ಲಿ ಏನು ಹಾಕುವುದು ಅಂತ ಸ್ವಲ್ಪ ಹೊತ್ತು ನಿಂತಿದ್ದು, ಕೊನೆಗೆ ಒರೆಸುವ ಬಟ್ಟೆ ಹಾಕಿ ಇಳಿದು ಬಂದೆ.

ಅಲ್ಲಿ ಆಸ್ಪತ್ರೆಯಲ್ಲಿ ಅವಳಿಗೆ ಕೊಟ್ಟದ್ದು ಸಹಾಯಕಿ ಕೆಲಸ. ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಊಟದ ತಟ್ಟೆ ಎತ್ತುವುದು. ಮಾತ್ರೆ ಮುಟ್ಟುವ ಹಾಗಿಲ್ಲ, ಸೂಜಿ ಮುಟ್ಟುವ ಹಾಗಿಲ್ಲ. ಇಲ್ಲಿ ಒಬ್ಬಳೇ ಒಂದು ವಾರ್ಡು ಸಂಭಾಳಿಸುತ್ತಿದ್ದವಳು. ಯೂನಿಫಾರ್ಮಿನ ಬಣ್ಣವೂ ಬೇರೆ, ನೋಡಿದ ಕೂಡಲೇ ಇವಳು ನರ್ಸಲ್ಲ ಅಂತ ಗೊತ್ತಾಗಬೇಕಲ್ಲ. "ಪರೀಕ್ಷೆ ಪಾಸಾದ್ರೆ ಬಣ್ಣ ಬದಲಾಗುತ್ತೆ ಅಜ್ಜಿ" ಎಂದು ಫೋನಿನಲ್ಲಿ ಹೇಳಿದಳು. ಓದಿದಳು, ಪರೀಕ್ಷೆಗೆ ಹೋದಳು. ಆಮೇಲೆ ಮೂರು ದಿನ ಫೋನ್ ಮಾಡಲಿಲ್ಲ. ನಾಲ್ಕನೇ ದಿನ ವಿಡಿಯೋ ಕಾಲ್ ಮಾಡಿದಾಗ ಮುಖ ಊದಿಕೊಂಡಿತ್ತು.

"ಫೇಲಾದೆ ಅಜ್ಜಿ."

"ಯಾತರಲ್ಲಿ?"

"ಮಾತ್ರೆ ಕೊಡೋದ್ರಲ್ಲಿ."

ನನಗೆ ನಗು ಬಂತು. ಮಾತ್ರೆ ಕೊಡುವುದರಲ್ಲಿ ಇವಳನ್ನು ಮೀರಿಸಿದವರು ಯಾರು? ಅವಳು ನಗಲಿಲ್ಲ, ಬಿಡಿಸಿ ಹೇಳಿದಳು. ಅಲ್ಲಿ ಪರೀಕ್ಷೆಗೆ ನಿಜವಾದ ರೋಗಿ ಇರುವುದಿಲ್ಲ. ರೋಗಿಯ ಹಾಗೆ ನಟಿಸುವವರನ್ನು ಸಂಬಳ ಕೊಟ್ಟು ಮಲಗಿಸಿರುತ್ತಾರೆ. ನಮ್ಮ ಬೀದಿಯಲ್ಲಿ ಅದನ್ನೇ ಪುಕ್ಕಟೆ ಮಾಡುವವರು ಬೇಕಾದಷ್ಟು ಜನರಿದ್ದಾರೆ.

"ಆ ಹೆಂಗಸು ಮಾತ್ರೆ ಬೇಡ ಅಂದ್ಲು ಅಜ್ಜಿ. ನಾನು ತಗೊಳ್ಳಿ ತಗೊಳ್ಳಿ ಅಂತ ಮೂರು ಸಲ ಅಂದೆ. ಬೆನ್ನು ಸವರಿದೆ. ಲೋಟ ಬಾಯಿ ಹತ್ರ ಹಿಡಿದೆ."

"ಕೊನೆಗೆ ತಗೊಂಡ್ಲಾ?"

"ತಗೊಂಡ ಹಾಗೆ ಮಾಡಿದ್ಲು."

"ಮತ್ತೆ ಫೇಲು ಯಾಕೆ?"

"ಅದಕ್ಕೇ ಫೇಲು."

ಅಲ್ಲಿ ರೋಗಿ ಬೇಡ ಎಂದರೆ ಅಲ್ಲಿಗೆ ಮುಗಿಯಿತಂತೆ. ಯಾಕೆ ಬೇಡ ಎಂದು ಕೇಳಬಹುದು. ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂದು ತಿಳಿಸಿ ಹೇಳಬಹುದು. ಆಮೇಲೆ ಡಾಕ್ಟರಿಗೆ ಹೇಳಬೇಕು. ಬಲವಂತ ಮಾಡಬಾರದು, ಗದ್ದ ಹಿಡಿಯಬಾರದು, ಊಟ ಮಾಡಿಲ್ಲ ಎಂದು ಸುಳ್ಳು ಹೇಳಬಾರದು.

"ಹಂಗೇ ಬಿಟ್ರೆ ಸತ್ತೋಗಲ್ವೇನೇ?"

"ಅದು ಅವರಿಷ್ಟ ಅಜ್ಜಿ."

"ಸಾಯೋದಾ?"

"ಬೇಡ ಅನ್ನೋದು."

ಮತ್ತೆ ಪರೀಕ್ಷೆಗೆ ಕೂರಲು ಇನ್ನೂ ಅವಕಾಶವಿತ್ತು. ಆದರೆ ಆಸ್ಪತ್ರೆಯವರು ಕೊಟ್ಟ ಗಡುವಿನೊಳಗೆ ಪಾಸಾಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಮನೆಗೆ ವಾಪಸ್ಸು. ಅವಳು ಅದನ್ನು ಹೇಳಿ ಮೂಗು ಒರೆಸಿಕೊಂಡಳು. ಮನೆಗೆ ವಾಪಸ್ಸು ಎಂಬ ಮಾತು ನನ್ನ ಕಿವಿಗೆ ಕೆಟ್ಟದಾಗಿ ಕೇಳಿಸಲಿಲ್ಲ. ಸುಳ್ಳು ಯಾಕೆ ಹೇಳಲಿ. ಅವಳು ಅಳುತ್ತಿದ್ದಾಗ ನಾನು ಮನಸ್ಸಿನಲ್ಲಿ ಅವಳ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದೆ.

"ಅಜ್ಜಿ, ನನಗೆ ಅಭ್ಯಾಸ ಮಾಡೋಕೆ ಯಾರಾದ್ರೂ ಬೇಕು" ಎಂದಳು. ಜೊತೆಯಲ್ಲಿ ಇರುವ ಹುಡುಗಿಯರು ಮಾತ್ರೆ ಎಂದ ಕೂಡಲೇ ಬಾಯಿ ತೆಗೆಯುತ್ತಾರಂತೆ, ಅವರಿಗೂ ಓದುವ ಅವಸರ. ಬೇಡ ಬೇಡ ಎಂದು ಹಠ ಮಾಡುವವರು ಬೇಕು. "ಅದಕ್ಕೆ ನಿನಗಿಂತ ಒಳ್ಳೇ ಪೇಶೆಂಟು ಸಿಗಲ್ಲ."

ಹಾಗೆ ಶುರುವಾಯಿತು. ಅವಳ ರಾತ್ರಿ ಪಾಳಿ ಮುಗಿದು ಅಲ್ಲಿ ಬೆಳಗಾಗುವಾಗ ನಮಗೆ ಇಲ್ಲಿ ಮಧ್ಯಾಹ್ನ. ಮಗಳು, ಅಳಿಯ ಕೆಲಸಕ್ಕೆ ಹೋಗಿರುತ್ತಿದ್ದರು. ನಾನು ಊಟ ಮುಗಿಸಿ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಮಂಚದ ಮೇಲೆ ಮಲಗುತ್ತಿದ್ದೆ. ಮಾತ್ರೆ ಬದಲು ಪೆಪ್ಪರ್‌ಮಿಂಟು. ಅವಳು ಮೊದಲು ಇಂಗ್ಲಿಷಿನಲ್ಲಿ ಹೇಳುವುದು, ಆಮೇಲೆ ನನಗೆ ಕನ್ನಡದಲ್ಲಿ ಹೇಳುವುದು. ಮೊದಲ ದಿನ ಹೆಸರು ಕೇಳಿದಳು.

"ನನ್ನ ಹೆಸರು ಗೊತ್ತಿಲ್ವೇನೇ ನಿನಗೆ?"

"ಕೇಳ್ಬೇಕು ಅಜ್ಜಿ. ಹುಟ್ಟಿದ ತಾರೀಕು?"

"ಅದು ನಮ್ಮಮ್ಮನಿಗೇ ಗೊತ್ತಿರ್ಲಿಲ್ಲ. ರಾಗಿ ಕೊಯ್ಲಿನಲ್ಲಿ ಹುಟ್ಟಿದ್ದು. ಆಧಾರ್ ಕಾರ್ಡಿನೋರು ಅವರಿಗೆ ತೋಚಿದ್ದು ಹಾಕ್ಕೊಂಡ್ರು."

"ಅದನ್ನೇ ಹೇಳು. ಮೈಗೆ ಒಗ್ಗದೇ ಇರೋದು ಏನಾದ್ರೂ ಇದೆಯಾ?"

"ನಿಮ್ಮಪ್ಪನ ಮಾತು."

ನಕ್ಕು ನಕ್ಕು ಆ ದಿನದ ಪಾಠ ಅಲ್ಲಿಗೇ ನಿಂತಿತು. ಮಾರನೆಯ ದಿನ ಮಾತ್ರೆಯ ತನಕ ಬಂದಳು. ನಾನು ಬೇಡ ಎಂದೆ. "ಅಯ್ಯೋ ತಗೋ ಅಜ್ಜಿ, ಸಕ್ಕರೆ ಥರ ಇದೆ" ಎಂದುಬಿಟ್ಟಳು. ಆಮೇಲೆ ಹಣೆ ಚಚ್ಚಿಕೊಂಡಳು. ಮತ್ತೆ ಮೊದಲಿನಿಂದ. ಮತ್ತೆ ಬೇಡ ಎಂದೆ. ಈ ಸಲ ಬಾಯಿ ಮುಚ್ಚಿಕೊಂಡಳು, ಆದರೆ ಕೈ ಮುಂದಕ್ಕೆ ಬಂತು, ಫೋನಿನ ಒಳಗಿನಿಂದ ನನ್ನ ಗದ್ದ ಹಿಡಿಯುವುದಕ್ಕೆ. ನಿಜವಾಗಿ ಹಿಡಿದಿದ್ದರೆ ಆಗುತ್ತಿತ್ತು ಅಂತ ಅನ್ನಿಸಿತು. "ಕೈ ಹಿಂದಕ್ಕೆ ಕಟ್ಕೊಂಡು ಹೇಳು" ಎಂದೆ. ಹಾಗೇ ಹೇಳಿದಳು.

ಆ ದಿನಗಳಲ್ಲಿ ನಾನೂ ಒಂದು ಸಲ ಆ ದೇಶದ ಕಾನೂನು ನಡೆಸಿ ನೋಡಿದೆ. ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವ ಹುಡುಗಿ ನೀರಿನ ಮೋಟಾರಿನ ವಿಷಯ ಕೇಳಲು ಕೆಳಗೆ ಬಂದಳು. ಕಾಫಿ ಕುಡೀತೀಯಾ ಎಂದೆ. "ಬೇಡ ಅಜ್ಜಿ" ಎಂದಳು. "ಸರಿ" ಎಂದೆ. ಅವಳು ಕೂತೇ ಇದ್ದಳು. ನಾನೂ ಕೂತೆ. ಒಲೆಯ ಕಡೆ ಒಂದು ಸಲ ನೋಡಿದಳು, ನನ್ನ ಕಡೆ ಒಂದು ಸಲ ನೋಡಿದಳು, ಎದ್ದು ಹೋದಳು. ಸಾಯಂಕಾಲ ನನ್ನ ಮಗಳನ್ನು ಮೆಟ್ಟಿಲ ಹತ್ತಿರ ತಡೆದು, "ಅಕ್ಕ, ಅಜ್ಜಿಗೆ ನಮ್ಮ ಮೇಲೆ ಏನಾದ್ರೂ ಬೇಜಾರಾ? ಮನೆ ಖಾಲಿ ಮಾಡಿ ಅಂತಾರಾ?" ಎಂದು ಕೇಳಿದಳಂತೆ. ಮಗಳು ನನಗೆ ಬೈದಳು. ನಾನೇ ಕಾಫಿ ಮಾಡಿಕೊಂಡು ಮಾಳಿಗೆ ಹತ್ತಿದೆ, ಮಂಡಿ ನೋವಿನಲ್ಲಿ. ಆ ಕಾನೂನು ಕತ್ರಿಗುಪ್ಪೆಯಲ್ಲಿ ನಡೆಯುವುದಿಲ್ಲ.

ಮೊಮ್ಮಗಳು ಮಾತ್ರ ಕಲಿತುಕೊಂಡಳು. ಒಂದೆರಡು ವಾರದಲ್ಲಿ ಅವಳ ದನಿಯೇ ಬೇರೆಯಾಯಿತು. ಪಾಠದಲ್ಲಿ ನನ್ನನ್ನು ನೀವು ಎನ್ನುತ್ತಿದ್ದಳು. "ಸರಿ, ನಿಮಗೆ ಈಗ ಬೇಡ. ಯಾಕೆ ಅಂತ ಹೇಳ್ತೀರಾ? ನಾನು ಡಾಕ್ಟರಿಗೆ ತಿಳಿಸ್ತೀನಿ. ಆಮೇಲೆ ಬೇಕು ಅನಿಸಿದ್ರೆ ನನ್ನ ಕರೀರಿ." ಒಂದು ತಪ್ಪಿಲ್ಲ. ನಾನು ಎಷ್ಟು ಹಠ ಮಾಡಿದರೂ ಕದಲಲಿಲ್ಲ. ನನ್ನ ಸೊಂಟದ ಮೇಲೆ ಬೆಳೆದ ಹುಡುಗಿ ನೀವು ಎನ್ನುವಾಗ ಬೇರೆ ಯಾರದೋ ಮನೆಯ ಮಗಳ ಹಾಗೆ ಕಂಡಳು. ಚೆನ್ನಾಗಿ ಕಲಿತಿದ್ದಾಳೆ ಅಂತ ಖುಷಿ ಪಡಬೇಕು, ಪಟ್ಟೆ. ಪಾಠ ಮುಗಿದು, "ಅಜ್ಜಿ, ಏನು ಸಾರು ಮಾಡಿದ್ದೆ ಇವತ್ತು?" ಎಂದಾಗ ಮತ್ತೆ ನಮ್ಮವಳಾಗುತ್ತಿದ್ದಳು. ಆ ಒಂದು ಮಾತಿಗಾಗಿ ನಾನು ಅಷ್ಟು ಹೊತ್ತು ಮಲಗಿರುತ್ತಿದ್ದೆ. ಸೊಪ್ಪಿನ ಸಾರು ಎಂದರೆ ಯಾವ ಸೊಪ್ಪು ಎನ್ನುವಳು. ನಾನು ನಿಧಾನವಾಗಿ ಹೇಳುತ್ತಿದ್ದೆ, ಬೇಗ ಮುಗಿಯಬಾರದು ಅಂತ.

ಎರಡನೇ ಪರೀಕ್ಷೆಗೆ ಇನ್ನು ಎರಡು ದಿನ ಇತ್ತು. ಪಾಠ ಆಯಿತು. ಸಾರಿನ ವಿಷಯ ಕೇಳಲಿಲ್ಲ. ಫೋನನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದಳು. ಅರ್ಧ ಮುಖ ಮಾತ್ರ ಕಾಣುತ್ತಿತ್ತು.

"ಅಜ್ಜಿ."

"ಏನೇ?"

"ನಾನು ವಾಪಸ್ಸು ಬಂದ್ಬಿಡ್ಲಾ?"

ನಾನು ಎದ್ದು ಕೂತೆ.

"ಜೆ.ಪಿ. ನಗರದೋರು ಮತ್ತೆ ತಗೋತಾರೆ, ಮೇಡಂ ಹೇಳಿದ್ದಾರೆ. ಸಾಕಾಗಿದೆ ಅಜ್ಜಿ. ಇಲ್ಲಿ ನಾನು ಏನೂ ಅಲ್ಲ. ಬಂದ್ಬಿಡ್ಲಾ?"

ಮನೆ ಖಾಲಿ ಇತ್ತು. ಹೊರಗೆ ಗುಜರಿಯವನು ಕೂಗಿಕೊಂಡು ಹೋಗುತ್ತಿದ್ದ. ನನ್ನ ಒಳಗೆ ಬಾ ಬಾ ಬಾ ಎಂದು ಕುಣಿಯುತ್ತಿತ್ತು. ಬಾಯಿಂದ ಬಂದದ್ದು, "ಬೇಡ."

ಅವಳು ನನ್ನನ್ನೇ ನೋಡಿದಳು. ಇನ್ನೊಂದು ಸಲ ಕೇಳುತ್ತಾಳೆ ಅಂತ ನಾನು ಕಾದೆ. ಕೇಳಿದರೆ ಏನು ಹೇಳಬೇಕು ಅಂತಲೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಹುಟ್ಟಿದವಳು ಇನ್ನೊಂದು ಸಲ ಕೇಳದೆ ಇರುತ್ತಾಳೆಯೇ?

"ಸರಿ ಅಜ್ಜಿ" ಎಂದಳು. "ನೀನು ಹೇಳಿದ್ದೇ ಸರಿ. ಮಲಗ್ತೀನಿ, ಸಂಜೆ ಡ್ಯೂಟಿ ಇದೆ."

ಫೋನ್ ಇಟ್ಟಳು. ಬೇಡ ಎಂದರೆ ಅಲ್ಲಿಗೆ ಬಿಡುವುದನ್ನು ದಿನಾ ಮಧ್ಯಾಹ್ನ ಮಲಗಿ ಕಲಿಸಿಕೊಟ್ಟದ್ದು ನಾನೇ. ಅವಳು ಕಲಿತಿದ್ದಳು.

ಸಾಯಂಕಾಲ ಮಗಳಿಗೆ ಹೇಳಿದೆ. ಅವಳು ಚೀಲ ಕೆಳಗಿಟ್ಟು ನಿಂತಲ್ಲೇ ನಿಂತಳು. "ನೀನು ಬಾ ಅಂದಿದ್ರೆ ಬಂದ್ಬಿಡ್ತಿದ್ಲು ಅಮ್ಮ."

"ಬಂದು?"

"ಬಂದು ಏನು? ಕಣ್ಣೆದುರಿಗೆ ಇರೋಳು."

"ಇದ್ದು, ದಿನಾ ಒಂದು ಸಲ ನಾನು ಪಾಸಾಗ್ತಿದ್ನೋ ಇಲ್ವೋ ಅಂತ ಯೋಚ್ನೆ ಮಾಡ್ಕೊಂಡು ಕೂರೋಳು. ನೋಡೋಕೆ ನಿನಗೆ ಆಗುತ್ತಾ?"

"ನಿನಗೆ ಆಗುತ್ತಾ ಹೇಳು, ಹಿಂಗೆ ಇರೋಕೆ?"

ತರಕಾರಿ ಏನು ತಂದೆ ಎಂದು ಚೀಲ ನೋಡಿದೆ. ಹುರುಳಿಕಾಯಿ ಬಲಿತಿತ್ತು. ಅದಕ್ಕೆ ಬೈದೆ.

ಪರೀಕ್ಷೆಯ ದಿನ ಬೆಳಗ್ಗೆ ಸ್ನಾನ ಮಾಡಿ ಬನಶಂಕರಿ ದೇವಸ್ಥಾನಕ್ಕೆ ಹೋದೆ. ನಿಂಬೆಹಣ್ಣಿನ ದೀಪ ಹಚ್ಚಿದೆ. ಪಾಸಾಗಲಿ ಎಂದು ಕೇಳಿಕೊಳ್ಳಬೇಕೋ ಬೇಡವೋ ಎಂದು ದೇವಿಯ ಎದುರಿಗೆ ಗೊತ್ತಾಗಲಿಲ್ಲ. ಹಿಂದಿನವರು ತಳ್ಳಿದರು. "ಅವಳಿಗೆ ಏನು ಬೇಕೋ ಅದು ಕೊಡು ತಾಯಿ" ಎಂದು ಹೇಳಿ ಜರುಗಿದೆ. ನನಗೆ ಏನು ಬೇಕೋ ಅದು ಹೇಳಲಿಲ್ಲ.

ಮಧ್ಯಾಹ್ನ ಕಳೆದು ಬಹಳ ಹೊತ್ತಾದ ಮೇಲೆ ಫೋನ್ ಬಂತು.

"ಏನಂದ್ಲೇ ಆ ಹೆಂಗಸು?"

"ಈ ಸಲ ಗಂಡಸು ಅಜ್ಜಿ. ತಾತ."

"ಏನಂದ?"

"ಏನೂ ಅನ್ನಲಿಲ್ಲ. ಮಾತ್ರೆ ಬೇಕಾ ಅಂದೆ, ಯೆಸ್ ಪ್ಲೀಸ್ ಅಂದ, ಕೈ ಚಾಚಿದ, ಮುಗೀತು."

"ಬೇಡ ಅನ್ನಲೇ ಇಲ್ವಾ?"

"ಇಲ್ಲ!"

"ಥೂ ಅವನ! ನಾನು ಇಷ್ಟು ದಿನ ಬೇಡ ಬೇಡ ಅಂತ ಬಾಯಿ ಬಡ್ಕೊಂಡಿದ್ದು ದಂಡ."

ಅವಳು ಬಿದ್ದು ಬಿದ್ದು ನಕ್ಕಳು. ಅಷ್ಟು ನಕ್ಕದ್ದನ್ನು ನಾನು ಅವಳು ಹೋದ ಮೇಲೆ ಕೇಳಿರಲಿಲ್ಲ. ಕೆಲವು ದಿನ ಬಿಟ್ಟು ಫಲಿತಾಂಶ ಬಂತು, ಪಾಸು. ಆಮೇಲೆ ಲೈಸೆನ್ಸಿನ ನಂಬರು ಬಂತು. ಹೊಸ ಯೂನಿಫಾರ್ಮು ಹಾಕಿಕೊಂಡು ಫೋಟೋ ಕಳಿಸಿದಳು. ನೀಲಿ ಬಣ್ಣ, ಚೆನ್ನಾಗಿ ಒಪ್ಪುತ್ತದೆ. ಮೇಲಿನ ಮನೆಯ ಹುಡುಗಿ ನೋಡಿ, "ಅಜ್ಜಿ, ಅಂತೂ ನರ್ಸ್ ಆದ್ಲು!" ಎಂದಳು. "ಹೋಗೋವಾಗ್ಲೂ ನರ್ಸೇ ಆಗಿದ್ಲು" ಎಂದೆ. ಆದರೂ ಬೀದಿಯಲ್ಲೆಲ್ಲ ಮೈಸೂರು ಪಾಕು ಹಂಚಿದೆ.

ಮಧ್ಯಾಹ್ನದ ಫೋನ್ ನಿಂತುಹೋಯಿತು. ಅದು ಪಾಠಕ್ಕೆ ಬರುತ್ತಿದ್ದದ್ದು, ಪಾಠ ಮುಗಿದ ಮೇಲೆ ಯಾಕೆ ಬರುತ್ತದೆ? ಈಗ ಅವಳಿಗೆ ನಿಜವಾದ ಡ್ಯೂಟಿ, ನಿಜವಾದ ಸುಸ್ತು. ವಾರಕ್ಕೊಮ್ಮೆ ರಜೆಯ ದಿನ ಮಾಡುತ್ತಾಳೆ, ಮನೆಯವರೆಲ್ಲ ಸುತ್ತ ಕೂತಿರುತ್ತೇವೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ನನ್ನ ಪಾಲಿಗೆ ಏನೂ ಬರುವುದಿಲ್ಲ. ಊಟವಾದ ಮೇಲೆ ಆ ಮಂಚದ ಮೇಲೆ ಮಲಗಿದರೆ ನಿದ್ದೆ ಬರುವುದಿಲ್ಲ. ಎದ್ದು ಏನಾದರೂ ಕೆಲಸ ಹುಡುಕುತ್ತೇನೆ. ಅವಳು ಪಾಸಾಗಲಿ ಎಂದು ಮಲಗಿದ್ದವಳು ನಾನು. ಪಾಸಾದರೆ ಹೀಗಾಗುತ್ತದೆ ಅಂತ ಗೊತ್ತಿದ್ದೇ ಮಲಗಿದ್ದೆ. ಗೊತ್ತಿದ್ದರೆ ನೋವು ಕಡಿಮೆ ಅಂತಾರೆ. ಸುಳ್ಳು.

ಮೊನ್ನೆ ಒಂದು ದಿನ ಅವಳಾಗಿ ಮಾಡಲಿ ಎಂದು ಕಾಯದೆ ನಾನೇ ಫೋನ್ ಮಾಡಿದೆ. ಅವಳಿಗೆ ಗಾಬರಿ.

"ಏನಾಯ್ತು ಅಜ್ಜಿ? ಅಮ್ಮ ಚೆನ್ನಾಗಿದ್ದಾಳಾ?"

"ಎಲ್ಲಾ ಚೆನ್ನಾಗಿದ್ದಾರೆ. ನಿನ್ನ ನೋಡ್ಬೇಕು ನಾನು. ಫೋನಲ್ಲಿ ಅಲ್ಲ. ರಜೆ ಕೇಳು."

ಅವಳು ಫೋನನ್ನು ಮುಖದ ಹತ್ತಿರ ತಂದಳು.

"ಅಜ್ಜಿ, ನೀನು ಹಿಂಗೆಲ್ಲ ಕೇಳೋಳೇ ಅಲ್ವಲ್ಲ."

"ಈಗ ಕೇಳ್ತಿದೀನಿ. ಹೂಂ ಅಂತೀಯೋ ಇಲ್ವೋ?"

ಕೇಳಿದಳಂತೆ. ಸಂಕ್ರಾಂತಿಗೆ ರಜೆ ಕೊಡುವುದಿಲ್ಲ, ಚಳಿಗಾಲದಲ್ಲಿ ಅಲ್ಲಿ ರೋಗಿಗಳು ಜಾಸ್ತಿಯಂತೆ. ಬೇಸಿಗೆಗೆ ಕೊಡುತ್ತಾರಂತೆ, ಎರಡು ವಾರ. ಅಷ್ಟು ಹೊತ್ತಿಗೆ ಅವರೆಕಾಯಿ ಕಾಲ ಮುಗಿದಿರುತ್ತದೆ. ಇರುವುದನ್ನು ತಿನ್ನಲಿ, ಬರಲಿ.